ತಾತ ಏಳುವ ತನಕ

ನಮ್ಮ ಮನೆಯಲ್ಲಿ ಹಿರಿಯರಿಗೆ ಮರ್ಯಾದೆ ಕಡಿಮೆ ಇತ್ತು ಎಂದು ಯಾರೂ ಹೇಳುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ನಾಚಿಕೆಯಾಗುವುದು ಆ ಮರ್ಯಾದೆಯನ್ನು ನೆನೆದಾಗಲೇ. ಲಕ್ಷ್ಮೀಪುರಂನ ಆ ಹಳೇ ಮನೆಯಲ್ಲಿ ತಾತ ನಡುಮನೆಗೆ ಬಂದರೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿದ್ದರು. ಓಡಾಡುವಾಗ ತಾತನಿಗೆ ನಮ್ಮ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಬೆಳಗಿನ ಪೇಪರು ಮೊದಲು ಅವರಿಗೆ, ಮೊದಲ ಡಿಕಾಕ್ಷನ್ನಿನ ಕಾಫಿ ಅವರಿಗೆ, ಹಂಡೆಯ ಮೊದಲ ಬಿಸಿನೀರು ಅವರಿಗೆ. ಹಬ್ಬ ಬಂತೆಂದರೆ ಸಾಲಾಗಿ ನಿಂತು ಕಾಲಿಗೆ ಬೀಳುವುದು, ಮಂತ್ರಾಕ್ಷತೆ ತಲೆ ಮೇಲೆ ಬೀಳುವವರೆಗೆ ತಲೆ ಎತ್ತದಿರುವುದು. ಬಂದವರೆಲ್ಲ ಅಪ್ಪನನ್ನು ಹೊಗಳಿ ಹೋಗುತ್ತಿದ್ದರು, ಮಗ ಎಂದರೆ ಹೀಗಿರಬೇಕು ಎಂದು. ಅಪ್ಪ ಸಂಕೋಚಪಟ್ಟವರ ಹಾಗೆ ನಗುತ್ತಿದ್ದರು. ನಮಗೆಲ್ಲ ಒಳಗೊಳಗೇ ಹೆಮ್ಮೆ. ತಾಳ್ಮೆಯೊಂದನ್ನು ಬಿಟ್ಟು ಆ ಮನೆಯಲ್ಲಿ ಎಲ್ಲವೂ ಇತ್ತು.

ಕಣ್ಣು ಮುಚ್ಚಿದರೆ ನನಗೆ ಈಗಲೂ ಕಾಣುವುದು ಆ ಮನೆಯ ಊಟದ ಕೋಣೆ. ಅಡುಗೆಮನೆಗೆ ಅಂಟಿಕೊಂಡ ಉದ್ದನೆಯ ಕೋಣೆ, ಕಾಲಿಟ್ಟರೆ ತಣ್ಣಗೆನ್ನುವ ಕೆಂಪು ನೆಲ, ಕಿಟಕಿಯಾಚೆ ಕರಿಬೇವಿನ ಗಿಡ. ಮಣೆಗಳನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಿದ್ದರು. ಅವುಗಳಲ್ಲಿ ಹಿತ್ತಾಳೆ ಮೊಳೆ ಹೊಡೆದ ದೊಡ್ಡದೊಂದು ತಾತನದು. ಆ ಕಾಲಕ್ಕೆ ನಮ್ಮ ಬೀದಿಯ ಬಹಳ ಮನೆಗಳಲ್ಲಿ ಬೆಳಿಗ್ಗೆಯೇ ಊಟ. ಒಂಬತ್ತು ಗಂಟೆಗೆ ಅನ್ನ, ಹುಳಿ, ಸಾರು, ಮೊಸರು ಎಲ್ಲಾ ಮುಗಿಸಿಕೊಂಡೇ ಗಂಡಸರು ಆಫೀಸಿಗೂ ಮಕ್ಕಳು ಸ್ಕೂಲಿಗೂ ಹೊರಡುತ್ತಿದ್ದದ್ದು. ಅಡುಗೆಮನೆ ಬಾಗಿಲ ಪಕ್ಕದಲ್ಲಿ ತಾತ, ಅವರ ಪಕ್ಕ ಅಪ್ಪ, ಆಮೇಲೆ ಅಣ್ಣ ರಘು, ಕೊನೆಗೆ ನಾನು. ಅಮ್ಮ ಬಡಿಸುತ್ತಿದ್ದಳು. ಪಂಕ್ತಿಯಲ್ಲಿ ಕೂತ ಮೇಲೆ ಹಿರಿಯರು ಮೊದಲ ತುತ್ತು ಬಾಯಿಗಿಡುವವರೆಗೆ ಯಾರೂ ಅನ್ನ ಕಲಸುವಂತಿಲ್ಲ. ಹಿರಿಯರು ಅಂಗೈಯಲ್ಲಿ ನೀರು ಹಿಡಿದು ಊಟ ಮುಗಿಯಿತೆಂಬ ಗುರುತಿಗೆ ಅದನ್ನು ಕುಡಿದು ಏಳುವವರೆಗೆ ಯಾರೂ ಏಳುವಂತಿಲ್ಲ. ಇದು ಅಪ್ಪ ಮಾಡಿದ ಕಾನೂನೇನಲ್ಲ, ತಾತನಿಗೂ ಹಿಂದಿನಿಂದ ಬಂದದ್ದು. ಆದರೆ ಅದನ್ನು ಪಾಲಿಸುವುದರಲ್ಲಿ ಅಪ್ಪನಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ.

ತಾತ ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿದವರು. ಅಕ್ಕಿ ಬೇಳೆ ಅಳೆದು ಕೊಡುವ ಕಡೆ ಇದ್ದುದರಿಂದಲೋ ಏನೋ, ಎಲೆಯ ಮೇಲೆ ಒಂದು ಅಗುಳು ಬಿಟ್ಟರೂ ಅವರಿಗೆ ಆಗುತ್ತಿರಲಿಲ್ಲ. ಊಟವನ್ನು ಅವರು ಇಷ್ಟಪಟ್ಟು ಮಾಡುತ್ತಿದ್ದರು. ಅಜ್ಜಿ ಹೋದ ಮೇಲೆ ಅವರ ಹಲ್ಲುಗಳೂ ಒಂದೊಂದಾಗಿ ಹೋದವು. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆಂದು ಡಬ್ಬಿಯಲ್ಲೇ ಉಳಿಯಿತು. ಆಮೇಲೆ ಬಲಗೈ ನಡುಗಲು ಶುರುವಾಯಿತು. ಅನ್ನವನ್ನು ನುಣ್ಣಗೆ ಮಿದಿಯಬೇಕು, ತುತ್ತು ಚಿಕ್ಕದಾಗಬೇಕು, ಅದು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಜಾರಬಾರದು, ಜಾರಿದ್ದನ್ನು ಮತ್ತೆ ಆರಿಸಬೇಕು. ನಾವು ಮೊಸರನ್ನ ಮುಗಿಸುವ ಹೊತ್ತಿಗೆ ಅವರು ಹುಳಿ ಅನ್ನದಲ್ಲೇ ಇರುತ್ತಿದ್ದರು. ನಮ್ಮ ಕೈ ಒಣಗುತ್ತಿತ್ತು. ಬೆರಳಿಗೆ ಅಂಟಿದ ಅನ್ನ ಒಣಗಿ ಸಿಪ್ಪೆಯಂತೆ ಏಳುವುದನ್ನು ಕೀಳುತ್ತಾ ರಘು ಎದುರಿನ ಗಡಿಯಾರ ನೋಡುತ್ತಿದ್ದ. ಅಪ್ಪನೂ ನೋಡುತ್ತಿದ್ದರು, ಆದರೆ ನೋಡಿದ್ದು ಗೊತ್ತಾಗಬಾರದೆಂದು ಕ್ಯಾಲೆಂಡರಿನ ಕಡೆಯಿಂದ ಕಣ್ಣನ್ನು ಸುತ್ತಿಸಿ ತರುತ್ತಿದ್ದರು. ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಆ ಮೌನವನ್ನೂ ನಾವು ಮರ್ಯಾದೆ ಎಂದೇ ಕರೆಯುತ್ತಿದ್ದೆವು.

ಒಂದು ದಿನ ರಘು ಎದ್ದುಬಿಟ್ಟ. ಅವನಿಗೆ ಅವತ್ತು ಮೊದಲ ಪೀರಿಯಡ್ಡೇ ಟೆಸ್ಟು. ತಾತ ಇನ್ನೂ ಸಾರು ಅನ್ನ ಕಲಸುತ್ತಿದ್ದರು. ಅಪ್ಪನ ಬಲಗೈ ಎಂಜಲಾಗಿತ್ತು. ಕೂತಲ್ಲಿಂದಲೇ ಎಡಗೈಯಲ್ಲಿ ಅವನ ಚಡ್ಡಿ ಹಿಡಿದು ಎಳೆದು, ಅದೇ ಎಡಗೈಯಲ್ಲಿ ಕೆನ್ನೆಗೆ ಬಾರಿಸಿದರು.

"ತಾತ ಏಳೋಕ್ಕೆ ಮುಂಚೆ ಏಳ್ತೀಯೇನೋ? ಹಿರಿಯರು ಅಂದ್ರೆ ಒಂದು ಭಯ ಭಕ್ತಿ ಬೇಡ್ವಾ?"

"ಇವತ್ತು ಟೆಸ್ಟ್ ಇದೆ ಅಪ್ಪ..."

"ಟೆಸ್ಟಂತೆ ಟೆಸ್ಟು. ಕೂತ್ಕೋ."

"ಬಿಡೋ, ಮಗು ಹೋಗ್ಲಿ," ಎಂದರು ತಾತ. "ನಾನೇ ಹೇಳ್ತಿದೀನಲ್ಲ."

"ನೀವು ಸುಮ್ನಿರಿ ಅಪ್ಪ. ಇವತ್ತು ಬಿಟ್ರೆ ನಾಳೆ ನಿಮ್ಮ ತಲೆ ಮೇಲೇ ಕೂತ್ಕೋತಾನೆ. ನೀವು ನಿಧಾನವಾಗಿ ಊಟ ಮಾಡಿ."

ನಿಧಾನವಾಗಿ ಎಂಬ ಆ ಮಾತನ್ನು ಅಪ್ಪ ಹಲ್ಲು ಕಚ್ಚಿಕೊಂಡು ಹೇಳಿದ್ದರು. ರಘು ಮಣೆಯ ಮೇಲೆ ಮತ್ತೆ ಕೂತು ಬಿಕ್ಕುತ್ತಿದ್ದ. ತಾತ ಉಳಿದ ಅನ್ನವನ್ನು ಬೇಗ ಬೇಗ ಬಾಯಿಗೆ ಹಾಕಿಕೊಳ್ಳಲು ಹೋಗಿ ನೆತ್ತಿಗೇರಿಸಿಕೊಂಡರು. ಅಮ್ಮ ಓಡಿ ಬಂದು ನೀರಿನ ಲೋಟ ಹಿಡಿದಳು. ಅವರು ಕೆಮ್ಮು ನಿಲ್ಲಿಸಿಕೊಳ್ಳುವಷ್ಟರಲ್ಲಿ ಇನ್ನಷ್ಟು ಹೊತ್ತು ಹೋಯಿತು. ಅವತ್ತು ಎಲ್ಲರಿಗೂ ತಡವಾಯಿತು.

ಮಾರನೆಯ ದಿನ ನಾವಿನ್ನೂ ಸಾರು ಅನ್ನದಲ್ಲಿದ್ದಾಗಲೇ ತಾತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಸಾಕು ಕಮಲ, ನಂದಾಯ್ತು."

"ಮೊಸರೇ ಹಾಕಿಲ್ವಲ್ಲ ಮಾವ," ಎಂದಳು ಅಮ್ಮ.

"ಶೀತ ಕಣಮ್ಮ ಅದು. ರಾತ್ರಿ ಎಲ್ಲಾ ಕೆಮ್ಮು. ಇನ್ಮೇಲೆ ಬೇಡ."

ರಾತ್ರಿ ಅವರು ಕೆಮ್ಮಿದ್ದನ್ನು ಯಾರೂ ಕೇಳಿರಲಿಲ್ಲ. ಆದರೂ ಎಲ್ಲರೂ ನಂಬಿದೆವು, ಅಷ್ಟು ಅನುಕೂಲವಾಗಿತ್ತು ಅದು. ಸ್ವಲ್ಪ ದಿನಕ್ಕೆ ಸಾರು ಅನ್ನವೂ ಒಂದೆರಡು ತುತ್ತಿಗೆ ಇಳಿಯಿತು. ಮಡಿವಂತರಾದ ಅವರು ಬೆಳಿಗ್ಗೆ ಊಟದಿಂದ ಒಮ್ಮೆ ಎದ್ದರೆ ಆ ದಿನ ಮತ್ತೆ ಅನ್ನ ಮುಟ್ಟುವವರಲ್ಲ. ರಾತ್ರಿಗೆ ಒಂದು ಹಿಡಿ ನೆನೆಸಿದ ಅವಲಕ್ಕಿ, ಒಂದು ಲೋಟ ಹಾಲು. ಹಾಗಾಗಿ ಬೆಳಿಗ್ಗೆ ಬಿಟ್ಟದ್ದು ಬಿಟ್ಟದ್ದೇ. ಇದು ನಮಗೆಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಮಾತ್ರ ಹೊಸ ಶಾಂತಿ ಬಂದಿತ್ತು. ಅಪ್ಪನ ಸ್ಕೂಟರು ಸರಿಯಾದ ಹೊತ್ತಿಗೆ ಸ್ಟಾರ್ಟ್ ಆಗುತ್ತಿತ್ತು, ರಘು ಮೇಷ್ಟರ ಕೈಲಿ ಬೈಸಿಕೊಳ್ಳುವುದು ನಿಂತಿತು, ಅಮ್ಮನಿಗೆ ಬೇಗ ಊಟಕ್ಕೆ ಕೂರಲು ಸಿಗುತ್ತಿತ್ತು. ಮನೆಗೆ ಬಂದವರೆದುರು ಅಪ್ಪ ಹೇಳುತ್ತಿದ್ದರು, ನಮ್ಮಪ್ಪಂದು ಮಿತಾಹಾರ, ಅದಕ್ಕೇ ಈ ವಯಸ್ಸಿನಲ್ಲೂ ಇಷ್ಟು ಗಟ್ಟಿ ಎಂದು. ತಾತ ಪಕ್ಕದಲ್ಲೇ ಕೂತು ಹೌದು ಹೌದು ಎನ್ನುವ ಹಾಗೆ ತಲೆಯಾಡಿಸುತ್ತಿದ್ದರು.

ನನಗೆ ಅವರು ನಿಜ ಹೇಳಿದ್ದರು. ಇಡೀ ಮನೆಯಲ್ಲಿ ನನಗೊಬ್ಬಳಿಗೆ. ಒಂದು ಭಾನುವಾರ ಜಗಲಿಯ ಮೇಲೆ ಅವರ ಪಕ್ಕ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಾ, ತಾತ ನಿಮಗೆ ಮೊಸರನ್ನ ಅಂದ್ರೆ ಇಷ್ಟ ಇಲ್ವಾ ಎಂದು ಕೇಳಿದ್ದೆ. ಅವರು ಸುತ್ತ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇಷ್ಟ ಇಲ್ದೆ ಏನೇ ಪುಟ್ಟಿ? ಆದ್ರೆ ನಾನು ಅದನ್ನ ತಿಂತಾ ಕೂತ್ರೆ ನಿಂಗೆ ಸ್ಕೂಲಿಗೆ ಲೇಟಾಗಲ್ವಾ? ಟೀಚರ್ ಹೊರಗೆ ನಿಲ್ಲಿಸಿದ್ರೆ?"

ಪೆಪ್ಪರ್‌ಮೆಂಟು ಕೊಟ್ಟರೆ ತೆಗೆದುಕೊಳ್ಳುವ ಹಾಗೆ ನಾನದನ್ನು ತೆಗೆದುಕೊಂಡೆ. ತಾತನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಖುಷಿಪಟ್ಟೆ. ಅವರಿಗೆ ಹಸಿವಾಗುತ್ತದೆಯೇ ಎಂದು ಕೇಳಲಿಲ್ಲ. ಎಂಟು ವರ್ಷದ ಹುಡುಗಿಗೆ ಹೇಗೆ ಹೊಳೆಯಬೇಕು ಎಂದು ಈಗ ಯಾರಾದರೂ ಸಮಾಧಾನ ಹೇಳಬಹುದು. ಆದರೆ ಬೀದಿ ನಾಯಿ ಬಾಗಿಲಲ್ಲಿ ನಿಂತರೆ ಪಾಪ ಅದಕ್ಕೆ ಹಸಿವು ಎಂದು ಅಮ್ಮನ ಸೆರಗು ಎಳೆಯುತ್ತಿದ್ದವಳೂ ಇದೇ ಹುಡುಗಿ.

ಎದುರು ಮನೆ ನಾಗರತ್ನಮ್ಮನವರ ಮೊಮ್ಮಗನ ಉಪನಯನಕ್ಕೆ ನಾವೆಲ್ಲ ಹೋದೆವು. ತಾತ ಕಪಾಟಿನಿಂದ ಅರಮನೆ ಕಾಲದ ಕ್ಲೋಸ್ ಕಾಲರ್ ಕೋಟು ತೆಗೆಸಿ ಹಾಕಿಕೊಂಡರು. ಅದು ಬೇರೆ ಯಾರದೋ ಕೋಟಿನ ಹಾಗೆ ಹೆಗಲಿನಿಂದ ಜೋತುಬಿದ್ದಿತ್ತು. ಅಪ್ಪ ನೋಡಿ, ಹಳೇ ಬಟ್ಟೆ ಹಿಗ್ಗಿಬಿಟ್ಟಿದೆ ಎಂದರು. ಊಟಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಿ ಉದ್ದಕ್ಕೂ ಎಲೆ ಹಾಸಿದ್ದರು. ಆ ಪಂಕ್ತಿಗೆಲ್ಲ ತಾತನೇ ಹಿರಿಯರು. ತಲೆಯ ಕಡೆ ಅವರನ್ನು ಕೂರಿಸಿದರು, ಅವರ ಪಕ್ಕ ಅಪ್ಪ, ಅಪ್ಪನ ಪಕ್ಕ ನಾನು. ಬೀದಿಯವರು, ನೆಂಟರು, ಅಪ್ಪನ ಆಫೀಸಿನ ಇಬ್ಬರು, ಎಲ್ಲರೂ ಅದೇ ಸಾಲಿನಲ್ಲಿದ್ದರು. ನಾಗರತ್ನಮ್ಮನವರೇ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದರು. ತಾತನ ಎಲೆ ಮುಂದೆ ಬಂದಾಗೆಲ್ಲ ನಿಲ್ಲುತ್ತಿದ್ದರು.

"ನಿಧಾನವಾಗಿ ಆಗ್ಲಿ ರಾಯರೇ. ಯಾರಿಗೂ ಎಲ್ಲಿಗೂ ಹೋಗೋದೇನಿಲ್ಲ ಇವತ್ತು."

ತಾತ ತಲೆ ಎತ್ತಿ ಅವರನ್ನು ನೋಡಿದರು. ಆಮೇಲೆ ಊಟ ಮಾಡಿದರು. ನಾನು ಅಂಥ ಊಟವನ್ನು ನಮ್ಮ ಮನೆಯಲ್ಲಿ ನೋಡಿರಲೇ ಇಲ್ಲ. ತೊವ್ವೆ ಅನ್ನ ಮುಗಿಸಿದರು, ಹುಳಿ ಅನ್ನ ಎರಡನೇ ಸಲ ಹಾಕಿಸಿಕೊಂಡರು, ಸಾರು ಅನ್ನ ಕಲಸಿ ಅಂಗೈಯಲ್ಲಿ ಹಿಡಿದು ಕುಡಿದರು, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿಕೊಂಡು ಬೆರಳಲ್ಲಿ ಚೂರು ಚೂರು ಮಾಡಿ ತಿಂದರು. ಕೈ ನಡುಗುತ್ತಲೇ ಇತ್ತು, ಆದರೆ ಒಂದು ಅಗುಳೂ ಉಳಿಯಲಿಲ್ಲ. ಸಾಲಿನವರು ಊಟ ಮುಗಿಸಿ ಹರಟುತ್ತಾ ಕೂತಿದ್ದರು. ಅಪ್ಪ ಮಾತ್ರ ತಾತನ ಎಲೆಯನ್ನೇ ನೋಡುತ್ತಿದ್ದರು. ಅವರ ಮುಖ ಸಪ್ಪಗಾಗಿತ್ತು. ಮೊಸರನ್ನ ಬಂದಾಗ ತಾತ ಕೈ ಅಡ್ಡ ಹಿಡಿಯಲಿಲ್ಲ. ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ನಾಗರತ್ನಮ್ಮ ಎರಡು ಸೌಟು ಹಾಕಿದರು.

"ಪರವಾಗಿಲ್ಲ, ರಾಯರಿಗೆ ಈ ವಯಸ್ಸಲ್ಲೂ ಒಳ್ಳೇ ಹಸಿವು ಕಣ್ರೀ," ಎಂದರು ಅಪ್ಪನ ಆಫೀಸಿನವರೊಬ್ಬರು. ಮೆಚ್ಚಿಕೊಂಡೇ ಹೇಳಿದ್ದು ಅವರು.

ತಾತನ ಬಗ್ಗೆ ನನಗೆ ಗೊತ್ತಿದ್ದದ್ದು ಬೇರೆ ಯಾರಿಗೂ ಗೊತ್ತಿರಲಿಲ್ಲವಲ್ಲ. ನಾನು ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದೆ:

"ಮನೇಲಿ ತಾತ ಮೊಸರನ್ನ ತಿನ್ನೋದೇ ಇಲ್ಲ. ಇಷ್ಟ ಇದೆ, ಆದ್ರೂ ತಿನ್ನಲ್ಲ. ನಮಗೆಲ್ಲ ಲೇಟಾಗುತ್ತೆ ಅಂತ ಬೇಗ ಎದ್ಬುಡ್ತಾರೆ. ನಮ್ಮ ತಾತ ಅಷ್ಟು ಒಳ್ಳೇವ್ರು."

ಹರಟೆ ನಿಂತುಹೋಯಿತು. ಆಫೀಸಿನವರು ತಮ್ಮ ಎಲೆಯನ್ನು ನೋಡಿಕೊಂಡರು. ನಾಗರತ್ನಮ್ಮ ಮೊಸರನ್ನದ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ನಾನು ಹೊಗಳಿದ್ದಕ್ಕೆ ಯಾಕೆ ಯಾರೂ ನಗುತ್ತಿಲ್ಲ ಎಂದು ಅಪ್ಪನ ಕಡೆ ತಿರುಗಿದೆ. ಅಪ್ಪನ ಕಿವಿ ಕೆಂಪಾಗಿತ್ತು, ಒಣಗಿದ ಕೈ ಖಾಲಿ ಎಲೆಯ ಮೇಲೆ ಹಾಗೇ ಇತ್ತು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ತಾತ ಮೆಲ್ಲಗೆ ನಕ್ಕರು.

"ಮಕ್ಕಳು ಏನೋ ಹೇಳ್ತವೆ. ನಂಗೆ ಮೊಸರು ಶೀತ ಆಗುತ್ತೆ ಕಣ್ರೀ, ಅಷ್ಟೇ. ಇಲ್ಲಿ ನಾಗರತ್ನಮ್ಮನೋರು ಪ್ರೀತಿಯಿಂದ ಹಾಕ್ಬಿಟ್ರು."

ಹಾಗೆಂದವರು ಆ ಮೊಸರನ್ನವನ್ನು ಮುಟ್ಟಲಿಲ್ಲ. ಅಂಗೈಯಲ್ಲಿ ನೀರು ಹಿಡಿದು ಕುಡಿದು, ನೆಲಕ್ಕೆ ಕೈಯೂರಿ ಎದ್ದುಬಿಟ್ಟರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು. ಮಗನ ಮಾನ ಉಳಿಸಲು ಅವರಿಗಿದ್ದದ್ದು ಅದೊಂದೇ ದಾರಿ. ಎಲೆಯ ಮೇಲೆ ಅಗುಳು ಬಿಡದವರ ಎಲೆಯಲ್ಲಿ ಎರಡು ಸೌಟು ಮೊಸರನ್ನ ಹಾಗೇ ಇತ್ತು, ದಾಳಿಂಬೆ ಕಾಳು ಹಾಕಿದ್ದು. ಎಲೆ ತೆಗೆಯುವವರು ಬಂದು ಅದನ್ನೂ ಸೇರಿಸಿ ಮಡಚಿಕೊಂಡು ಹೋದರು.

ಬೀದಿ ದಾಟಿದರೆ ನಮ್ಮ ಮನೆ. ಅಪ್ಪ ನನಗೆ ಹೊಡೆಯುತ್ತಾರೆಂದು ಕಾದೆ, ಹೊಡೆಯಲಿಲ್ಲ. ಹೊಡೆದಿದ್ದರೆ ಅಳುತ್ತಾ ಮಲಗಿ ಮರೆತುಬಿಡುತ್ತಿದ್ದೆನೇನೋ. ಅವರು ಸೀದಾ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದರು. ತಾತನ ಹತ್ತಿರ ಹೋಗಿ ತಪ್ಪಾಯಿತು ಎನ್ನುವುದು ಅವರ ಕೈಲಿ ಆಗಲಿಲ್ಲ. ಹಬ್ಬ ಹಬ್ಬಕ್ಕೂ ಕಾಲಿಗೆ ಬೀಳುತ್ತಿದ್ದವರಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ತಾತ ಎಂದಿನಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗ, ಊಟ ಮುಗಿಸಿ ಕೂತಿದ್ದ ಅಪ್ಪ ತಮ್ಮ ತಟ್ಟೆ ಮುಂದೆ ಚಾಚಿದರು.

"ಕಮಲ, ನಂಗಿನ್ನೊಂದು ಸ್ವಲ್ಪ ಅನ್ನ ಹಾಕು. ಯಾಕೋ ಹಸಿವು ಹೋಗೇ ಇಲ್ಲ."

ಉಣ್ಣುವವರನ್ನು ಬಿಟ್ಟು ಹಿರಿಯರು ಏಳುವಂತಿಲ್ಲ, ಅದೂ ಪಂಕ್ತಿಯ ಕಾನೂನೇ. ತಾತ ಏಳದೆ ಕೂತರು. ಅಪ್ಪ ಒಂದೊಂದೇ ತುತ್ತನ್ನು ಅಗಿದು ಅಗಿದು ತಿಂದರು. ಅಮ್ಮ ಮೊಸರಿನ ಪಾತ್ರೆ ಹಿಡಿದು ತಾತನ ಮುಂದೆ ಬಂದು ನಿಂತಳು.

"ಹೇಗೂ ಕೂತಿದೀರಲ್ಲ ಮಾವ. ಒಂದು ಚೂರು ಹಾಕ್ತೀನಿ."

ತಾತ ಮಗನ ಕಡೆ ತಿರುಗಿದರು.

"ನಿಂಗೆ ಆಫೀಸಿಗೆ ಹೊತ್ತಾಗಲ್ವೇನೋ?"

"ಇಲ್ಲ ಅಪ್ಪ," ಎಂದರು ಅಪ್ಪ, ಗಡಿಯಾರದ ಕಡೆ ನೋಡದೆ. ರಘುವಿಗೂ ನನಗೂ ಅವತ್ತಿನಿಂದ ತಾತನಿಗಿಂತ ಮುಂಚೆ ಏಳಲು ಅನುಮತಿ ಸಿಕ್ಕಿತು.

ಇಲ್ಲಿಗೆ ಎಲ್ಲಾ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಅಪ್ಪ ದಿನವೂ ಆ ಸುಳ್ಳು ಹಸಿವಿನಲ್ಲಿ ಊಟ ಮಾಡಿ ಹೊಟ್ಟೆ ಬೆಳೆಸಿಕೊಂಡರು, ಆಫೀಸಿನಲ್ಲಿ ಬೈಸಿಕೊಂಡರು. ಆದರೆ ಉಪನಯನದ ಆ ಪಂಕ್ತಿಯಿಂದ ಎದ್ದ ಮೇಲೆ ತಾತನಿಗೆ ಉಣ್ಣುವುದೇ ಮರೆತುಹೋಗಿತ್ತು. ಅಪ್ಪ ಎಷ್ಟು ಹೊತ್ತು ಕಾದರೂ ಎರಡು ತುತ್ತಿನ ಮೇಲೆ ಹೋಗುತ್ತಿರಲಿಲ್ಲ. ಯಾರಾದರೂ ಕೈ ಒಣಗಿಸಿಕೊಂಡು ಕೂತಿದ್ದಾರೆಯೇ ಎಂದು ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸವೂ ಅವರನ್ನು ಬಿಡಲಿಲ್ಲ. ಮುಂದಿನ ಚಳಿಗಾಲ ದಾಟಲಿಲ್ಲ ಅವರು. ವರ್ಷದ ತಿಥಿಯ ದಿನ ಅವರ ಹೆಸರಿನಲ್ಲಿ ಎಲೆ ತುಂಬ ಬಡಿಸಿ, ಬ್ರಾಹ್ಮಣರ ಊಟ ಮುಗಿಯುವವರೆಗೆ ಮನೆಮಂದಿಯೆಲ್ಲ ಮಧ್ಯಾಹ್ನದ ತನಕ ಹಸಿದುಕೊಂಡು ಕಾದೆವು. ಯಾರೂ ಗಡಿಯಾರ ನೋಡಲಿಲ್ಲ. ಹಿತ್ತಲ ಗೋಡೆಯ ಮೇಲೆ ಪಿಂಡ ಇಟ್ಟು ಕಾಗೆಗೆ ಕಾಯುತ್ತಾ ನಿಂತಿದ್ದ ಅಪ್ಪ, ಅದು ಬಂದು ಕೊಕ್ಕು ಹಾಕಿದಾಗ ಪಂಚೆಯ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಅತ್ತರು.

ಈಗ ಆ ಮನೆ ಇಲ್ಲ. ಅಪ್ಪನೂ ಇಲ್ಲ. ಅಮ್ಮ ಶ್ರೀರಾಂಪುರದಲ್ಲಿ ನನ್ನ ಜೊತೆ ಇದ್ದಾಳೆ. ತಾತನ ವಯಸ್ಸನ್ನು ಯಾವಾಗಲೋ ದಾಟಿದ್ದಾಳೆ. ಮಣೆ ಹೋಗಿ ಟೇಬಲ್ಲು ಬಂದಿದೆ, ಪಂಕ್ತಿಯ ಕಾನೂನು ಹೇಳುವವರು ಯಾರೂ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಅವಳಾಗಿಯೇ ಹೇಳಿದಳು.

"ಬಡಿಸೋಳಿಗೆ ಗೊತ್ತಾಗಲ್ವೇನೇ? ದಿನಾ ಅನ್ನ ಮಿಗ್ತಿತ್ತು. ನಿಮ್ಮ ತಾತ ಹಸ್ಕೊಂಡು ಏಳ್ತಾರೆ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು. ಆದ್ರೆ ನೀವೆಲ್ಲ ಹೊತ್ತಿಗೆ ಸರಿಯಾಗಿ ಹೊರಡ್ತಿದ್ರಿ, ಮನೇಲಿ ಜಗಳ ನಿಂತಿತ್ತು. ಸುಮ್ನಾಗ್ಬಿಟ್ಟೆ."

ಇಬ್ಬರೂ ಅವರೆಕಾಯಿ ಬಿಡಿಸಿ ಮುಗಿಸಿದೆವು.

ಮೊನ್ನೆ ನನಗೆ ಮಂಡಕಳ್ಳಿಯ ಏರ್‌ಪೋರ್ಟಿಗೆ ಹೋಗುವುದಿತ್ತು, ಹೈದರಾಬಾದಿನಿಂದ ರಘು ಬರುತ್ತಿದ್ದ. ಅಮ್ಮನನ್ನು ಊಟಕ್ಕೆ ಕೂರಿಸಿಕೊಂಡು ನಾನು ಬೇಗ ಬೇಗ ತಿಂದು ಮುಗಿಸಿದೆ. ಅವಳ ಚಮಚ ತಟ್ಟೆಯಿಂದ ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯುತ್ತದೆ. ಇನ್ನೂ ಬೇಕಾದಷ್ಟು ಹೊತ್ತಿದೆ, ನೀನು ನಿಧಾನವಾಗಿ ಮಾಡು ಎಂದೇ ಹೇಳಿದೆ. ಹೇಳುತ್ತಾ ಪಕ್ಕದಲ್ಲಿಟ್ಟಿದ್ದ ಫೋನನ್ನು ಒಮ್ಮೆ ತಿರುಗಿಸಿ ನೋಡಿದೆ, ಅಷ್ಟೇ. ಅಮ್ಮ ಚಮಚ ಕೆಳಗಿಟ್ಟಳು.

"ನಂದಾಯ್ತು ಕಣಮ್ಮ."

ಒಳ್ಳೇದಾಯಿತು ಎಂದುಕೊಂಡು ಎದ್ದು ಹೋಗಿ ನಲ್ಲಿ ತಿರುಗಿಸಿದೆ. ಕೈಗೆ ನೀರು ಬಿದ್ದ ಮೇಲೆ ಆ ಮಾತು ಯಾರದೆಂದು ನೆನಪಾಯಿತು. ಮುಖವೆಲ್ಲ ಬಿಸಿಯಾಯಿತು. ಇಷ್ಟು ವರ್ಷ ಅಪ್ಪನ ತಪ್ಪು, ಅಮ್ಮನ ತಪ್ಪು ಎಂದು ಒಳಗೊಳಗೇ ತೂಗುತ್ತಾ ಬಂದವಳು ನಾನು. ಟೇಬಲ್ಲಿಗೆ ಬಂದು ಮತ್ತೆ ಕೂತೆ. ರಘು ಕಾಯುತ್ತಾನೆ, ಕಾಯಲಿ. ಅನ್ನದ ಪಾತ್ರೆ ಎಳೆದುಕೊಂಡು ನನ್ನ ತಟ್ಟೆಗೆ ಎರಡು ಸೌಟು ಹಾಕಿಕೊಂಡು ಮೊಸರು ಸುರಿದುಕೊಂಡೆ.

"ಇದೇನೇ, ಹೊರಟಿದ್ಯಲ್ಲ?" ಎಂದಳು ಅಮ್ಮ.

"ಯಾಕೋ ಹಸಿವು ಹೋಗೇ ಇಲ್ಲಮ್ಮ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಕಣ್ಣು ಮಂಜಾಗಿದ್ದರೂ ಅವಳಿಗೆ ಕಾಣಬೇಕಾದದ್ದು ಕಾಣುತ್ತದೆ. ಆಮೇಲೆ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಕಡೆ ತಳ್ಳಿದಳು.

"ನಿಮ್ಮಪ್ಪನಿಗೂ ಹೀಗೇ ಹಸಿವಾಗ್ತಿತ್ತು," ಎಂದಳು. "ನಂಗೂ ಒಂದು ಚೂರು ಹಾಕು."